ಗಣಕವಿದ್ಯೆಗೆ ಓನಾಮ ಬರೆಸಿದ ಗುರು

ಒಂದು ವಿದ್ಯೆಯನ್ನು ಕಂಡುಹಿಡಿದವರ ಹೆಸರನ್ನು ಲೋಕ ನೆನಪಿನಲ್ಲಿಡುತ್ತದೆ. ಆ ವಿದ್ಯೆಯ ಮೊದಲ ಪಾಠವನ್ನು ಕಟ್ಟಿದವರ ಹೆಸರನ್ನು ಬೇಗ ಮರೆತುಬಿಡುತ್ತದೆ. ದೊಡ್ಡ ಪಂಡಿತರ ಬಳಿ ವ್ಯಾಕರಣ ಓದಿದೆವೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ಉಂಟು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬೆರಳು ಹಿಡಿದು ಓನಾಮ ತಿದ್ದಿಸಿದ ಐಗಳ ಹೆಸರನ್ನು ಹೇಳುವವರು ವಿರಳ. ಆದರೂ ಕಲಿಕೆಯ ಹಾದಿಯಲ್ಲಿ ಅತ್ಯಂತ ಕಠಿನವಾದುದು ಆ ಮೊದಲ ಹೆಜ್ಜೆಯೇ. ಅಲ್ಲಿ ಎಡವಿದವನು ಮುಂದಿನ ಹಾದಿ ತನ್ನದಲ್ಲವೆಂದು ಮರಳಿಹೋಗುತ್ತಾನೆ. ಬಹುಕಾಲದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನು ಹಳಗನ್ನಡದ ಮೊದಲ ಪದ್ಯವನ್ನು ಕಂಡ ವಿದ್ಯಾರ್ಥಿಗಳ ಮುಖದಲ್ಲಿ ಮೂಡುವ ಅಂಜಿಕೆಯನ್ನು ಪ್ರತಿ ವರ್ಷವೂ ಕಾಣುತ್ತೇನೆ. ಆ ಅಂಜಿಕೆಯನ್ನು ಹೋಗಲಾಡಿಸಿದರೆ ಅಧ್ಯಾಪಕನ ಅರ್ಧ ಕೆಲಸ ಮುಗಿಯಿತೆಂದೇ ನನ್ನ ಎಣಿಕೆ.

ಗಣಕಯಂತ್ರದ ವಿಷಯದಲ್ಲಿ ಲೇಖನಿ ಹಿಡಿಯಲು ಕನ್ನಡ ಅಧ್ಯಾಪಕನಿಗೆ ಏನು ಅಧಿಕಾರವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನು ಬರೆಯಹೊರಟಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಪಾಠದ ವಿಷಯ. ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆಗೆ ಪ್ರೋಗ್ರಾಮಿಂಗ್ ಎಂದು ಹೆಸರು. ಕೆಲವೇ ತಜ್ಞರ ಸೊತ್ತಾಗಿದ್ದ ಈ ವಿದ್ಯೆಯನ್ನು ಗಣಿತದ ಗಂಧವಿಲ್ಲದವರಿಗೂ ಕಲಿಸಬಹುದು, ಕಲಿಸಲೇಬೇಕು ಎಂದು ಹಠ ಹಿಡಿದು ಸಾಧಿಸಿ ತೋರಿಸಿದವರಲ್ಲಿ ಅಗ್ರಗಣ್ಯರು ಗಣಿತಜ್ಞ ಜಾನ್ ಕೆಮೆನಿ. ಅವರ ಬಾಳು ಅಧ್ಯಾಪಕ ವೃತ್ತಿಯಲ್ಲಿರುವ ಯಾರಿಗಾದರೂ ಮನನಯೋಗ್ಯವಾದುದು.

ಕೆಮೆನಿಯವರು ಹುಟ್ಟಿದ್ದು 1926ನೆಯ ಇಸವಿ ಮೇ 31ರಂದು, ಹಂಗೆರಿಯ ರಾಜಧಾನಿ ಬುಡಾಪೆಸ್ಟ್ ನಗರದಲ್ಲಿ. ಯೆಹೂದಿ ಮನೆತನ. ಯಾನೋಶ್ ಎಂಬುದು ತಾಯಿತಂದೆ ಇಟ್ಟ ಹೆಸರು. 1938ರಲ್ಲಿ ಹಿಟ್ಲರನ ಸೇನೆ ನೆರೆಯ ಆಸ್ಟ್ರಿಯವನ್ನು ಆಕ್ರಮಿಸಿದಾಗಲೇ ಮುಂದೆ ಬರಲಿದ್ದ ಕಾಲವನ್ನು ತಂದೆ ಊಹಿಸಿದರು. ತಾವು ಮೊದಲು ಅಮೆರಿಕೆಗೆ ಹೋಗಿ, ನೆಲೆ ಕಂಡುಕೊಂಡು, 1940ರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಹುಟ್ಟಿದ ಮಣ್ಣನ್ನು ಬಿಟ್ಟು ಬರಲಾರೆನೆಂದು ಅಜ್ಜ ಅಲ್ಲಿಯೇ ಉಳಿದರು. ಯೆಹೂದಿಗಳ ಆ ಮಹಾಸಂಹಾರದಲ್ಲಿ ಅವರೂ ಇತರ ಕೆಲವು ಬಂಧುಗಳೂ ಬಲಿಯಾದರು.

ನ್ಯೂಯಾರ್ಕಿನ ಪ್ರೌಢಶಾಲೆಯ ಬೆಂಚಿನ ಮೇಲೆ ಬಂದು ಕುಳಿತಾಗ ಹುಡುಗನಿಗೆ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿತ್ತು. ಸುತ್ತಲಿನವರ ಭಾಷೆ ಅವನ ಮನೆಯ ಭಾಷೆಯಾಗಿರಲಿಲ್ಲ. ತಿಳಿದ ವಿಷಯವನ್ನೂ ಹೇಳಲು ಮಾತಿಲ್ಲದೆ ಕುಳಿತಿರುವ ಸಂಕಟ ಎಂಥದೆಂದು ಅನುಭವಿಸಿದವರೇ ಬಲ್ಲರು. ಮೂರೇ ವರ್ಷಗಳಲ್ಲಿ ಆ ಹುಡುಗ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾಗಿ ಪ್ರಿನ್‌ಸ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಯಾನೋಶ್ ಜಾನ್ ಆದುದು ಹೀಗೆ. ಮುಂದೆ ಅವರು ಆರಂಭಿಕರ ವಿಷಯದಲ್ಲಿ ತೋರಿಸಿದ ಅಪಾರ ಸಹಾನುಭೂತಿಗೆ ಈ ಮೂರು ವರ್ಷಗಳೇ ಬೇರು ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ. ಆದರೆ ಅವರ ಬಾಳನ್ನು ಓದಿದಷ್ಟೂ ಆ ಊಹೆ ಬಲಗೊಳ್ಳುತ್ತದೆ.

1945ರಲ್ಲಿ, ಇನ್ನೂ ಇಪ್ಪತ್ತು ತುಂಬದ ಈ ತರುಣನನ್ನು ಸೇನೆಯವರು ಲಾಸ್ ಅಲಮೋಸ್ ಎಂಬಲ್ಲಿಗೆ ಕಳುಹಿಸಿದರು. ಪರಮಾಣು ಬಾಂಬು ತಯಾರಾಗುತ್ತಿದ್ದ ಗುಪ್ತ ನೆಲೆ ಅದು. ಅಲ್ಲಿನ ಲೆಕ್ಕಾಚಾರ ವಿಭಾಗದಲ್ಲಿ ರಿಚರ್ಡ್ ಫೈನ್‌ಮನ್‌ರವರ ಕೈಕೆಳಗೆ ಕೆಲಸ. ಇಂದು ನಾವು ಬಲ್ಲ ಗಣಕಯಂತ್ರ ಆಗ ಇರಲಿಲ್ಲ. ವ್ಯಾಪಾರದ ಅಂಗಡಿಗಳಿಗೆ ಲೆಕ್ಕ ಬರೆಯಲೆಂದು ಮಾಡಿದ್ದ ಐ.ಬಿ.ಎಂ. ಯಂತ್ರಗಳಿಗೆ ರಂಧ್ರ ಹೊಡೆದ ಕಾರ್ಡುಗಳನ್ನು ಉಣಿಸುತ್ತ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತ, ಹಗಲಿರುಳು ಸರದಿಯ ಮೇಲೆ ದುಡಿಯಬೇಕಾಗಿತ್ತು. ಒಂದೊಂದು ಸಮೀಕರಣದ ಉತ್ತರಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಇಪ್ಪತ್ತು ಮಂದಿ ಅಲ್ಲಿ ವರ್ಷವಿಡೀ ಮಾಡಿದ ಕೆಲಸವನ್ನು ಇಪ್ಪತ್ತು ವರ್ಷಗಳ ತರುವಾಯ ತಮ್ಮ ಕಾಲೇಜಿನ ಒಬ್ಬ ಪದವಿ ವಿದ್ಯಾರ್ಥಿ ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಲ್ಲನೆಂದು ಕೆಮೆನಿಯವರು ಮುಂದೆ ಆಗಾಗ ನೆನೆಯುತ್ತಿದ್ದರು. ಲಾಸ್ ಅಲಮೋಸಿನಲ್ಲಿಯೇ ಅವರು ಜಾನ್ ಫಾನ್ ನಾಯ್ಮನ್‌ರ ಉಪನ್ಯಾಸವನ್ನು ಕೇಳಿದರು. ಆಜ್ಞೆಗಳನ್ನು ತನ್ನ ನೆನಪಿನಲ್ಲಿಯೇ ಇರಿಸಿಕೊಂಡು ತಾನೇ ನಡೆಯಬಲ್ಲ ಯಂತ್ರದ ಕಲ್ಪನೆ ಆ ಉಪನ್ಯಾಸದ ವಿಷಯ. ನಾಯ್ಮನ್‌ರೂ ಬುಡಾಪೆಸ್ಟಿನವರೇ. ಆ ದಿನ ಬಿದ್ದ ಬೀಜ ಬಹುಕಾಲ ನೆಲದೊಳಗೆ ಇದ್ದಿತು.

ಯುದ್ಧ ಮುಗಿಯಿತು. ಕೆಮೆನಿ ಪ್ರಿನ್‌ಸ್ಟನ್ನಿಗೆ ಮರಳಿದರು. ತರ್ಕಶಾಸ್ತ್ರದ ಮೇಧಾವಿ ಅಲೊಂಜೊ ಚರ್ಚ್‌ರ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಅದೇ ಸುಮಾರಿನಲ್ಲಿ ಒಂದು ವರ್ಷ ಆಲ್ಬರ್ಟ್ ಐನ್‌ಸ್ಟೈನ್‌ರಿಗೆ ಗಣಿತ ಸಹಾಯಕರಾಗಿ ಕೆಲಸ ಮಾಡಿದರು. ಐನ್‌ಸ್ಟೈನ್‌ರು ಬರೆದ ದೀರ್ಘ ಗಣನೆಗಳನ್ನು ಹೆಜ್ಜೆ ಹೆಜ್ಜೆಯಾಗಿ ಪರಿಶೀಲಿಸುವುದು ಅವರ ಹೊಣೆ. ಇಪ್ಪತ್ತಮೂರು ವರ್ಷದೊಳಗೆ ಫೈನ್‌ಮನ್, ನಾಯ್ಮನ್, ಚರ್ಚ್, ಐನ್‌ಸ್ಟೈನ್ ಈ ನಾಲ್ವರ ಸಾನ್ನಿಧ್ಯವನ್ನು ಪಡೆದ ಭಾಗ್ಯವಂತರು ಎಷ್ಟು ಮಂದಿ ಇದ್ದಾರು! ಅಂಥವರು ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಯ ಗದ್ದುಗೆ ಏರಿ ಕುಳಿತಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕೆಮೆನಿ ಆರಿಸಿಕೊಂಡುದು ಬೇರೆಯ ದಾರಿ. 1953ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬ ಸಣ್ಣ ಊರಿನ ಡಾರ್ಟ್‌ಮತ್ ಕಾಲೇಜಿಗೆ ಗಣಿತದ ಪ್ರಾಧ್ಯಾಪಕರಾಗಿ ಹೋದರು. ಎರಡೇ ವರ್ಷಗಳಲ್ಲಿ ವಿಭಾಗದ ಮುಖ್ಯಸ್ಥರಾದರು. ಸಮಾಜಶಾಸ್ತ್ರ, ಜೀವಶಾಸ್ತ್ರಗಳ ವಿದ್ಯಾರ್ಥಿಗಳಿಗೂ ದಕ್ಕುವಂತಹ ಗಣಿತದ ಪಠ್ಯಪುಸ್ತಕವೊಂದನ್ನು ಇಬ್ಬರು ಸಹೋದ್ಯೋಗಿಗಳೊಡನೆ ರಚಿಸಿ 1957ರಲ್ಲಿ ಪ್ರಕಟಿಸಿದರು. ಗಣಿತವನ್ನು ಗಣಿತಜ್ಞರಲ್ಲದವರಿಗೆ ತಲಪಿಸುವ ಹಂಬಲ ಆಗಲೇ ಅವರಲ್ಲಿ ಮನೆಮಾಡಿತ್ತು.

ಡಾರ್ಟ್‌ಮತ್ತಿನಲ್ಲಿ ಗಣಕಯಂತ್ರ ಇರಲಿಲ್ಲ. 1956ರಲ್ಲಿ ವಿಭಾಗವನ್ನು ಸೇರಿದ ಸಂಖ್ಯಾಶಾಸ್ತ್ರಜ್ಞ ಥಾಮಸ್ ಕರ್ಟ್ಸ್, ರಂಧ್ರ ಹೊಡೆದ ಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು, ಬೆಳಗಿನ ರೈಲು ಹಿಡಿದು, ಬಾಸ್ಟನ್ ಬಳಿಯ ಎಂ.ಐ.ಟಿ. ಸಂಸ್ಥೆಗೆ ಹೋಗುತ್ತಿದ್ದರು. ಸುಮಾರು 130 ಮೈಲಿಗಳ ಹಾದಿ. ಅಲ್ಲಿನ ಯಂತ್ರಕ್ಕೆ ಕಾರ್ಡುಗಳನ್ನು ಒಪ್ಪಿಸಿ ಕಾಯುವುದು, ಉತ್ತರ ಬಂದ ಮೇಲೆ ಮರಳುವುದು. ಒಂದು ಅಲ್ಪವಿರಾಮ ತಪ್ಪಿದ್ದರೂ ಯಂತ್ರ ಆ ಕೆಲಸವನ್ನು ತಿರಸ್ಕರಿಸುತ್ತಿತ್ತು. ತಿದ್ದಿದ ಕಾರ್ಡುಗಳೊಡನೆ ಮತ್ತೊಮ್ಮೆ ಪ್ರಯಾಣ. 1959ರಲ್ಲಿ ಕಾಲೇಜು ಮೇಜಿನಷ್ಟು ದೊಡ್ಡದಾದ ಒಂದು ಚಿಕ್ಕ ಗಣಕವನ್ನು ಕೊಂಡಿತು. ಪದವಿ ತರಗತಿಯ ಹುಡುಗರು ಅದರ ಸುತ್ತ ಮುತ್ತಿಕೊಂಡು, ತಜ್ಞರೂ ಬೆರಗಾಗುವಂತಹ ಕೆಲಸಗಳನ್ನು ಮಾಡಿದರು. ಅವಕಾಶ ಸಿಕ್ಕಿದರೆ ಎಳೆಯರು ಏನನ್ನು ಸಾಧಿಸಬಲ್ಲರೆಂಬುದು ಅಧ್ಯಾಪಕರಿಬ್ಬರಿಗೂ ಆಗ ಮನವರಿಕೆಯಾಯಿತು.

ಅವರು ಕೇಳಿಕೊಂಡ ಪ್ರಶ್ನೆ ಸರಳ. ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದುವವರು ನಾಲ್ವರಲ್ಲಿ ಒಬ್ಬರು ಮಾತ್ರ. ಉಳಿದ ಮೂವರು ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರ, ರಾಜಕೀಯ ಓದುವವರು. ನಾಳೆ ವ್ಯಾಪಾರದಲ್ಲಿ, ಸರ್ಕಾರದಲ್ಲಿ ನಿರ್ಧಾರಗಳನ್ನು ಕೈಗೊಳ್ಳುವವರು ಈ ಮೂವರೇ. ಗಣಕಯಂತ್ರವನ್ನು ಕಂಡೇ ಇಲ್ಲದವರು ಗಣಕಯಂತ್ರದ ಯುಗದಲ್ಲಿ ವಿವೇಕದಿಂದ ನಿರ್ಧರಿಸುವುದು ಹೇಗೆ? ಗಣಕದ ಬಗೆಗೆ ಉಪನ್ಯಾಸ ಕೊಟ್ಟರೆ ಸಾಲದು, ತಾವೇ ಕೈಯಾರೆ ಪ್ರೋಗ್ರಾಮ್ ಬರೆದಾಗಲೇ ಅದರ ಶಕ್ತಿಯೂ ಮಿತಿಯೂ ತಿಳಿಯುವುದೆಂದು ಇಬ್ಬರೂ ನಿಶ್ಚಯಿಸಿದರು. ಈಜನ್ನು ದಡದ ಮೇಲೆ ಕಲಿಸಿದವರುಂಟೆ?

ಎದುರಿಗೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ಕಾಯುವಿಕೆ. ಕಿಟಕಿಯಲ್ಲಿ ಕಾರ್ಡು ಕೊಟ್ಟು ಮರುದಿನ ಉತ್ತರ ಪಡೆಯುವ ಪದ್ಧತಿಯಲ್ಲಿ ಸಾಹಿತ್ಯದ ವಿದ್ಯಾರ್ಥಿಯ ಉತ್ಸಾಹ ಎಷ್ಟು ದಿನ ಉಳಿದೀತು? ಇದಕ್ಕೆ ಪರಿಹಾರ ಸೂಚಿಸಿದವರು ಎಂ.ಐ.ಟಿ.ಯ ಜಾನ್ ಮೆಕಾರ್ಥಿ. ಅವರು ಸೂಚಿಸಿದ್ದು ಕಾಲವನ್ನು ಹಂಚಿಕೊಳ್ಳುವ ಉಪಾಯ. ನಮ್ಮ ಊಟದ ಪಂಕ್ತಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಡಿಸುವವನು ಒಬ್ಬನೇ, ಎಲೆಗಳು ಐವತ್ತು. ಒಬ್ಬರ ಊಟ ಮುಗಿಯುವ ತನಕ ಅವನು ಅವರ ಮುಂದೆಯೇ ನಿಂತಿದ್ದರೆ ಉಳಿದವರು ಹಸಿದಿರಬೇಕಾಗುತ್ತದೆ. ಅವನು ಹಾಗೆ ಮಾಡುವುದಿಲ್ಲ. ಒಬ್ಬರ ಎಲೆಗೆ ಬಡಿಸಿ, ಅವರು ಕಲಸಿಕೊಳ್ಳುವಷ್ಟರಲ್ಲಿ ಮುಂದಿನ ಎಲೆಗೆ ಸಾಗುತ್ತಾನೆ. ಎಲ್ಲರಿಗೂ ಬಡಿಸಿ ಮೊದಲಿನವರ ಬಳಿಗೆ ಮರಳುವ ಹೊತ್ತಿಗೆ ಅವರ ಎಲೆಯಲ್ಲಿನ ಅನ್ನ ಮುಗಿದಿರುತ್ತದೆ ಅಷ್ಟೆ. ಮನುಷ್ಯ ಒಂದು ಸಾಲನ್ನು ಯೋಚಿಸಿ ಟೈಪು ಮಾಡುವ ಹೊತ್ತಿನಲ್ಲಿ ಯಂತ್ರ ಹತ್ತಾರು ಮಂದಿಯ ಕೆಲಸವನ್ನು ಸರದಿಯ ಮೇಲೆ ನೋಡಿಕೊಳ್ಳಬಲ್ಲದು. ಪ್ರತಿಯೊಬ್ಬನಿಗೂ ಯಂತ್ರ ತನಗೊಬ್ಬನಿಗೇ ಸೇವೆ ಮಾಡುತ್ತಿರುವಂತೆ ಭಾಸವಾಗುತ್ತದೆ.

ಎರಡನೆಯ ಅಡ್ಡಿ ಭಾಷೆಯದು. ಆಗ ಬಳಕೆಯಲ್ಲಿದ್ದ ಫೋರ್‌ಟ್ರಾನ್, ಆಲ್ಗಾಲ್ ಎಂಬ ಭಾಷೆಗಳನ್ನು ತಜ್ಞರು ತಜ್ಞರಿಗಾಗಿಯೇ ಮಾಡಿದ್ದರು. ಫೋರ್‌ಟ್ರಾನಿನಲ್ಲಿ ಒಂದು ಕೆಲಸವನ್ನು ಮರಳಿ ಮರಳಿ ಮಾಡಿಸಬೇಕಾದರೆ, ಎಲ್ಲಿಂದ, ಎಲ್ಲಿಯವರೆಗೆ, ಎಷ್ಟೆಷ್ಟು ಜಿಗಿತದಲ್ಲಿ ಎಂಬ ಮೂರು ಸಂಖ್ಯೆಗಳನ್ನು ಅಲ್ಪವಿರಾಮಗಳ ನಡುವೆ ಬರಿದೆ ಜೋಡಿಸಿಡಬೇಕು. ಯಾವುದು ಮೊದಲು, ಯಾವುದು ಕಡೆಗೆ ಎಂಬುದನ್ನು ನೆನಪಿಟ್ಟುಕೊಳ್ಳುವ ಹೊರೆ ಕಲಿಯುವವನದು. ಪೂರ್ಣಾಂಕಕ್ಕೆ ಒಂದು ನಿಯಮ, ದಶಮಾಂಶಕ್ಕೆ ಇನ್ನೊಂದು ನಿಯಮ. ಉತ್ತರವನ್ನು ಕಾಗದದ ಮೇಲೆ ಮುದ್ರಿಸಲು ಎಷ್ಟು ಅಂಕಿಗಳ ಜಾಗ ಬೇಕೆಂದು ಮೊದಲೇ ಒಪ್ಪಂದ ಬರೆದುಕೊಡಬೇಕು. ಇದ್ದ ಭಾಷೆಯಲ್ಲಿಯೇ ಸುಲಭವಾದ ಭಾಗವನ್ನು ಆರಿಸಿ ಕಲಿಸಬಹುದೆಂದು ಕರ್ಟ್ಸ್‌ರು ಮೊದಲು ಎಣಿಸಿದ್ದರು. ಹೊಸ ಭಾಷೆಯನ್ನೇ ಕಟ್ಟಬೇಕೆಂದವರು ಕೆಮೆನಿ. ಕಡೆಗೆ ಇಬ್ಬರೂ ಒಮ್ಮತಕ್ಕೆ ಬಂದರು.

ಹೀಗೆ ಹುಟ್ಟಿದ್ದು ಬೇಸಿಕ್ ಎಂಬ ಭಾಷೆ. ಇಂಗ್ಲಿಷಿನ ಐದು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಆರಂಭಿಕರಿಗಾಗಿ ಮಾಡಿದ, ಎಲ್ಲ ಕೆಲಸಕ್ಕೂ ಒದಗುವ ಸಾಂಕೇತಿಕ ಆಜ್ಞಾಸಂಹಿತೆ ಎಂದು ಅದರ ತಾತ್ಪರ್ಯ. ಆ ಐದರಲ್ಲಿ ಮೊದಲನೆಯದು ಆರಂಭಿಕ ಎಂಬ ಪದವೇ ಎಂಬುದನ್ನು ವಾಚಕರು ಗಮನಿಸಬೇಕು. ಮೊದಲ ರೂಪದಲ್ಲಿ ಅದಕ್ಕೆ ಇದ್ದ ಆಜ್ಞೆಗಳು ಹದಿನಾಲ್ಕೇ. ಲೆಟ್ ಎಂದರೆ ಒಂದು ಹೆಸರಿಗೆ ಬೆಲೆ ಕೊಡು. ಪ್ರಿಂಟ್ ಎಂದರೆ ಮುದ್ರಿಸು. ಇಫ್ ಎಂದರೆ ಹೀಗಿದ್ದರೆ. ಎಂಡ್ ಎಂದರೆ ಮುಗಿಯಿತು. ಇಂಗ್ಲಿಷ್ ಬಲ್ಲ ಯಾವ ಹುಡುಗನಿಗೂ ಇವು ಅಪರಿಚಿತ ಪದಗಳಲ್ಲ.

ಒಂದು ಚಿಕ್ಕ ನಿದರ್ಶನ ಕೊಡುತ್ತೇನೆ. ನಾವೆಲ್ಲ ಬಾಲ್ಯದಲ್ಲಿ ರಾಗವಾಗಿ ಒಪ್ಪಿಸಿದ ಏಳರ ಮಗ್ಗಿಯನ್ನು ಯಂತ್ರದಿಂದ ಹೇಳಿಸಬೇಕಾಗಿದೆ. ಬೇಸಿಕ್ಕಿನಲ್ಲಿ ಅದಕ್ಕೆ ನಾಲ್ಕು ಸಾಲು ಸಾಕು:

10 ಫಾರ್ ಎನ್ = 1 ಟು 10
20 ಪ್ರಿಂಟ್ 7 * ಎನ್
30 ನೆಕ್ಸ್ಟ್ ಎನ್
40 ಎಂಡ್

ಎನ್ ಎಂಬುದಕ್ಕೆ ಒಂದರಿಂದ ಹತ್ತರವರೆಗೆ ಬೆಲೆ ಕೊಡುತ್ತ ಹೋಗು. ಪ್ರತಿ ಸಲವೂ ಏಳರಿಂದ ಅದನ್ನು ಗುಣಿಸಿ ಮುದ್ರಿಸು. ಮುಂದಿನ ಎನ್ ತೆಗೆದುಕೋ. ಹತ್ತು ಮುಗಿದ ಮೇಲೆ ನಿಲ್ಲು. ನಕ್ಷತ್ರದ ಗುರುತು ಇಲ್ಲಿ ಗುಣಾಕಾರಕ್ಕೆ ಸಲ್ಲುತ್ತದೆ. ಫೋರ್‌ಟ್ರಾನಿನ ಮೂಕ ಅಲ್ಪವಿರಾಮಗಳ ಜಾಗದಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ಬಾಯಿಬಿಟ್ಟು ಹೇಳುವ ಮಾತು ಬಂದಿದೆ. ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ಸಂಖ್ಯೆ ಕೊಟ್ಟಿರುವುದರಲ್ಲಿಯೂ ಒಂದು ದಾಕ್ಷಿಣ್ಯವಿದೆ. ನಡುವೆ ಏನಾದರೂ ಮರೆತಿದ್ದರೆ ಹದಿನೈದನೆಯ ಸಾಲೆಂದು ಬರೆದರೆ ಸಾಕು, ಯಂತ್ರವೇ ಅದನ್ನು ಅದರ ಸ್ಥಾನದಲ್ಲಿ ಕೂರಿಸುತ್ತದೆ. ಇಪ್ಪತ್ತನೆಯ ಸಾಲು ತಪ್ಪಾಗಿದ್ದರೆ ಅದೇ ಸಂಖ್ಯೆ ಹಾಕಿ ಮತ್ತೆ ಬರೆದರೆ ಹಳೆಯದು ಅಳಿದುಹೋಗುತ್ತದೆ. ಆರಂಭಿಕನು ಮರೆಯುವವನು, ತಪ್ಪುವವನು ಎಂಬುದನ್ನು ಒಪ್ಪಿಕೊಂಡು ಕಟ್ಟಿದ ಭಾಷೆ ಇದು. ಪೂರ್ಣಾಂಕ, ದಶಮಾಂಶಗಳ ಭೇದವನ್ನು ಕಲಿಯುವವನು ಗಮನಿಸಬೇಕಾಗಿಲ್ಲ. ಉತ್ತರವನ್ನು ಓದಲು ಹಿತವಾದ ರೂಪದಲ್ಲಿ ಯಂತ್ರವೇ ಮುದ್ರಿಸುತ್ತದೆ. ತಪ್ಪಾದಾಗ ಗೂಢಸಂಕೇತದ ಬದಲು ಎಲ್ಲಿ, ಏನು ತಪ್ಪಾಯಿತೆಂದು ಸರಳವಾದ ವಾಕ್ಯದಲ್ಲಿ ತಿಳಿಸುತ್ತದೆ. ಬಲ್ಲವರ ಹೊರೆಯನ್ನು ಹೆಚ್ಚಿಸಿ ಕಲಿಯುವವರ ಹೊರೆಯನ್ನು ಇಳಿಸಿದ ಈ ಏರ್ಪಾಟಿನಲ್ಲಿ ನಿಜವಾದ ಅಧ್ಯಾಪಕನ ಹೃದಯ ಕಾಣುತ್ತದೆ.

1963ರ ಶರತ್ಕಾಲದಲ್ಲಿ ಕೆಮೆನಿಯವರು ಈ ಭಾಷೆಯನ್ನು ಯಂತ್ರದ ಅಂಕಿಗಳ ಭಾಷೆಗೆ ತಿರುಗಿಸುವ ಪ್ರೋಗ್ರಾಮನ್ನು ಬರೆಯತೊಡಗಿದ್ದರು. ಕಾಲ ಹಂಚಿಕೆಯ ವ್ಯವಸ್ಥೆಯನ್ನು ರೂಪಿಸುವ ಹೊಣೆಯನ್ನು ಪದವಿ ವಿದ್ಯಾರ್ಥಿಗಳಿಗೆ ವಹಿಸಲಾಯಿತು. ಅನುಭವಸ್ಥ ಎಂಜಿನಿಯರುಗಳಿಗೂ ಕಷ್ಟವಾದ ಕೆಲಸವನ್ನು ಎಳೆಯ ಹುಡುಗರಿಗೆ ವಹಿಸುವುದೇ ಎಂದು ಸಂಶಯಪಟ್ಟವರು ಇಲ್ಲದಿರಲಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೇನೋ ಧನಸಹಾಯ ನೀಡಿತು. 1964ರ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯಂತ್ರಗಳು ಹ್ಯಾನೋವರಿಗೆ ಬಂದಿಳಿದವು. ಜಾನ್ ಮೆಕ್‌ಗೀಚಿ, ಮೈಕ್ ಬುಶ್ ಎಂಬ ವಿದ್ಯಾರ್ಥಿಗಳು ಹಗಲಿರುಳೆನ್ನದೆ ದುಡಿದರು. ಕಡೆಗೆ ಆ ವರ್ಷದ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ, ಕಾಲೇಜಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಪ್ರಾಧ್ಯಾಪಕ ಕೆಮೆನಿಯವರೂ ಒಬ್ಬ ವಿದ್ಯಾರ್ಥಿಯೂ ಅಕ್ಕಪಕ್ಕದ ಎರಡು ಟೆಲಿಟೈಪುಗಳ ಮುಂದೆ ಕುಳಿತು ಏಕಕಾಲದಲ್ಲಿ ರನ್ ಎಂದು ಟೈಪು ಮಾಡಿದರು. ಇಬ್ಬರಿಗೂ ಸರಿಯಾದ ಉತ್ತರ ಬಂದಿತು. ಗುರುವೂ ಶಿಷ್ಯನೂ ಒಂದೇ ಯಂತ್ರದ ಮುಂದೆ ಸಮಾನರಾಗಿ ಕುಳಿತ ಆ ಮುಂಜಾವು ಶಿಕ್ಷಣದ ಇತಿಹಾಸದಲ್ಲಿ ನೆನೆಯತಕ್ಕದ್ದು.

ಮೊದಲ ವರ್ಷದ ಗಣಿತ ಓದುವ ವಿದ್ಯಾರ್ಥಿಗಳಿಗೆ ಎರಡು ಮೂರು ಉಪನ್ಯಾಸಗಳಲ್ಲಿ ಬೇಸಿಕ್ಕಿನ ಪರಿಚಯ ಮಾಡಿಕೊಡುತ್ತಿದ್ದರು. ಉಳಿದುದನ್ನು ಅವರು ಟೆಲಿಟೈಪಿನ ಮುಂದೆ ಕುಳಿತು ತಾವೇ ಕಲಿಯಬೇಕು. ಕೆಲವೇ ವರ್ಷಗಳಲ್ಲಿ ಕಾಲೇಜಿನ ನಾಲ್ವರಲ್ಲಿ ಮೂವರಿಗೂ ಹೆಚ್ಚು ವಿದ್ಯಾರ್ಥಿಗಳು ಪ್ರೋಗ್ರಾಮ್ ಬರೆಯಬಲ್ಲವರಾದರು. ಗಣಕವನ್ನು ಬಳಸಲು ಅಪ್ಪಣೆ ಬೇಡ, ಶುಲ್ಕ ಬೇಡ, ಕಾರಣ ಹೇಳಬೇಕಾಗಿಯೂ ಇಲ್ಲ. ಕಪಾಟುಗಳನ್ನು ತೆರೆದಿಟ್ಟ ಗ್ರಂಥಾಲಯಕ್ಕೆ ಓದುಗ ಹೇಗೆ ಬರುತ್ತಾನೋ ಹಾಗೆ ವಿದ್ಯಾರ್ಥಿ ಗಣಕದ ಬಳಿಗೆ ಬರಬೇಕೆಂಬುದು ಕೆಮೆನಿಯವರ ನಿಲುವು. ಯಂತ್ರದೊಡನೆ ಆಟವಾಡುವುದನ್ನೂ ಅವರು ತಡೆಯಲಿಲ್ಲ. ಆಟದಲ್ಲಿ ಭಯ ಕರಗುತ್ತದೆ, ಭಯ ಕರಗಿದಲ್ಲಿ ವಿದ್ಯೆ ಬೇರೂರುತ್ತದೆ ಎಂಬುದನ್ನು ಬಾಲಶಿಕ್ಷಣದ ಅನುಭವಿಗಳೆಲ್ಲರೂ ಬಲ್ಲರು. ತಂತಿಗಳ ಮೂಲಕ ಸುತ್ತಲಿನ ಪ್ರೌಢಶಾಲೆಗಳಿಗೂ ಇತರ ಕಾಲೇಜುಗಳಿಗೂ ಈ ಸೌಲಭ್ಯ ಹರಡಿತು. ಭಾಷೆಯನ್ನು ಅವರು ಮಾರಾಟಕ್ಕೂ ಇಡಲಿಲ್ಲ. ಬೇಕಾದವರು ಬೇಕಾದಂತೆ ಬಳಸಿಕೊಳ್ಳಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟರು.

ಆದರೂ ಈ ತೆರೆದ ಬಾಗಿಲಿನಲ್ಲಿ ಒಂದು ಕೊರತೆ ಇದ್ದಿತು. 1964ರ ಡಾರ್ಟ್‌ಮತ್ ಗಂಡುಮಕ್ಕಳಿಗೆ ಮಾತ್ರ ಮೀಸಲಾದ ಕಾಲೇಜು. 1970ರಲ್ಲಿ ಕೆಮೆನಿ ಆ ಕಾಲೇಜಿನ ಅಧ್ಯಕ್ಷರಾದರು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ವಿರೋಧವನ್ನು ಎದುರಿಸಿ 1972ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡಿಸಿದರು. ಅಮೆರಿಕದ ಮೂಲನಿವಾಸಿಗಳ ಶಿಕ್ಷಣವೂ 1769ರಲ್ಲಿ ಸ್ಥಾಪಿತವಾದ ಆ ಕಾಲೇಜಿನ ಉದ್ದೇಶಗಳಲ್ಲಿ ಒಂದಾಗಿತ್ತು. ಎರಡು ಶತಮಾನಗಳ ಕಾಲ ಮರೆತಂತಿದ್ದ ಆ ಮಾತನ್ನು ಅವರು ಮತ್ತೆ ನಡೆಸಿಕೊಟ್ಟರು. ಅಧ್ಯಕ್ಷ ಪದವಿಯ ಕಾರ್ಯಭಾರದ ನಡುವೆಯೂ ಪ್ರತಿ ವರ್ಷ ತರಗತಿಗೆ ಹೋಗಿ ಪಾಠ ಹೇಳುವುದನ್ನು ಅವರು ಬಿಡಲಿಲ್ಲ. ಅಧಿಕಾರ ಬಂದೊಡನೆ ಸೀಮೆಸುಣ್ಣವನ್ನು ಮರೆಯುವವರು ಇದನ್ನು ಗಮನಿಸಬೇಕು. 1972ರಲ್ಲಿ ಪ್ರಕಟವಾದ ಮನುಷ್ಯನೂ ಗಣಕವೂ ಎಂಬರ್ಥದ ಹೆಸರಿನ ಪುಸ್ತಕದಲ್ಲಿ, ಮುಂದಿನ ಎರಡು ದಶಕಗಳೊಳಗೆ ಗಣಕದ ಸೌಲಭ್ಯ ಮನೆಮನೆಗೂ ಬರುವುದೆಂದು ಅವರು ಮುಂಗಂಡಿದ್ದರು.

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯದ ಥ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ದುರ್ಘಟನೆ ಸಂಭವಿಸಿತು. ಅದರ ವಿಚಾರಣೆಗೆಂದು ರಾಷ್ಟ್ರಾಧ್ಯಕ್ಷ ಕಾರ್ಟರರು ನೇಮಿಸಿದ ಆಯೋಗಕ್ಕೆ ಕೆಮೆನಿಯವರೇ ಮುಖ್ಯಸ್ಥರು. ವರದಿ ಆ ವರ್ಷದ ಅಕ್ಟೋಬರಿನಲ್ಲಿ ಹೊರಬಿತ್ತು. ಮೊದಲ ಕೆಲವು ನಿಮಿಷಗಳಲ್ಲಿಯೇ ನಿಯಂತ್ರಣ ಕೊಠಡಿಯಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಮೊಳಗಿದ್ದವು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತಿಳಿಯುವ ಬಗೆ ಇರಲಿಲ್ಲ. ತೆರೆದೇ ಉಳಿದಿದ್ದ ಒಂದು ಕವಾಟ ಮುಚ್ಚಿದೆಯೆಂದು ಭಾವಿಸುವಂತೆ ದೀಪವೊಂದು ಸೂಚಿಸುತ್ತಿತ್ತು. ಮುಚ್ಚು ಎಂಬ ಆಜ್ಞೆ ಹೋಗಿದೆಯೆಂಬುದನ್ನಷ್ಟೇ ಆ ದೀಪ ತಿಳಿಸುತ್ತಿತ್ತು, ಕವಾಟ ಮುಚ್ಚಿತೆಂಬುದನ್ನಲ್ಲ. ದೋಷವಿದ್ದುದು ಯಂತ್ರಗಳಿಗಿಂತ ಹೆಚ್ಚಾಗಿ ಅವುಗಳನ್ನು ನಡೆಸುವ ಮನುಷ್ಯರ ತರಬೇತಿಯಲ್ಲಿ, ಸಂಸ್ಥೆಗಳ ಧೋರಣೆಯಲ್ಲಿ ಎಂದು ಆಯೋಗ ನಿರ್ಣಯಿಸಿತು. ಹದಿನೈದು ವರ್ಷಗಳ ಹಿಂದೆ, ತಪ್ಪಾದಾಗ ಯಂತ್ರ ಸರಳವಾದ ಮಾತಿನಲ್ಲಿ ಹೇಳಬೇಕೆಂದು ಹಟಮಾಡಿದವರು ಈ ವರದಿಯ ಹಿಂದೆ ಇದ್ದರೆಂಬುದು ಕೇವಲ ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಮನುಷ್ಯನಿಗೆ ತಿಳಿಯದಂತೆ ಮಾತನಾಡುವ ಯಂತ್ರ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೆಡಿಸೀತು. ಸ್ಥಾವರದಲ್ಲಿ ಒಂದು ಸೀಮೆಯನ್ನೇ ಕೆಡಿಸಬಲ್ಲದು.

ಅಷ್ಟರಲ್ಲಿ ಬೇಸಿಕ್ ಲೋಕವನ್ನೇ ಸುತ್ತಿ ಬಂದಿತ್ತು. ದೂರದ ಗಣಕಕ್ಕೆ ಜೋಡಿಸಿದ್ದ ಟೆಲಿಟೈಪಿನ ಮುಂದೆ 1968ರಲ್ಲಿ ಶಾಲಾಬಾಲಕನಾಗಿ ಈ ಭಾಷೆಯನ್ನು ಕಲಿತ ಬಿಲ್ ಗೇಟ್ಸ್, 1975ರಲ್ಲಿ ಗೆಳೆಯ ಪಾಲ್ ಆ್ಯಲನ್‌ರೊಡನೆ ಸೇರಿ ಆಲ್ಟೇರ್ ಎಂಬ ಚಿಕ್ಕ ಗಣಕಕ್ಕೆ ಬೇಸಿಕ್ಕನ್ನು ಅಳವಡಿಸಿದರು. ಆ ಬಳಿಕ ಬಂದ ಮನೆಬಳಕೆಯ ಗಣಕಗಳಲ್ಲಿ ಹೆಚ್ಚಿನವುಗಳ ಮೊದಲ ಮಾತು ಬೇಸಿಕ್ಕೇ. ನಮ್ಮ ದೇಶಕ್ಕೂ ಅದು ಬಂದಿತು. 1984ರಲ್ಲಿ ಭಾರತ ಸರ್ಕಾರ ಕ್ಲಾಸ್ ಎಂಬ ಯೋಜನೆಯನ್ನು ಆರಂಭಿಸಿ ಸುಮಾರು 250 ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೊ ಗಣಕಗಳನ್ನು ಒದಗಿಸಿತು. ಆ ಗಣಕಗಳು ಬಲ್ಲ ಭಾಷೆಯೂ ಬೇಸಿಕ್ಕಿನ ಒಂದು ಪ್ರಭೇದವೇ. ನನ್ನ ಪೀಳಿಗೆಯ ಅನೇಕರಿಗೆ ಗಣಕದ ಮೊದಲ ಪಾಠವಾಗಿ ದೊರೆತದ್ದು ಈ ಭಾಷೆ.

ಹೊಗಳಿಕೆಯೊಡನೆ ತೆಗಳಿಕೆಯೂ ಬಂದಿತು. ನೆದರ್ಲೆಂಡ್ಸಿನ ಪ್ರಸಿದ್ಧ ಗಣಕವಿಜ್ಞಾನಿ ಡೈಕ್‌ಸ್ಟ್ರಾರವರು, ಬೇಸಿಕ್ಕಿನ ಸಂಪರ್ಕವಾದ ವಿದ್ಯಾರ್ಥಿಗಳ ಬುದ್ಧಿ ಮತ್ತೆ ಸರಿಪಡಿಸಲಾಗದಷ್ಟು ಊನಗೊಳ್ಳುತ್ತದೆಂಬ ಕಟುವಾದ ಅಭಿಪ್ರಾಯವನ್ನು 1975ರಲ್ಲಿ ಬರೆದರು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಮನಬಂದಂತೆ ಜಿಗಿಯಲು ಬಿಡುವ ಗೋಟು ಎಂಬ ಆಜ್ಞೆಯಿಂದ ಪ್ರೋಗ್ರಾಮುಗಳು ಬಿಡಿಸಲಾಗದ ಸಿಕ್ಕಾಗುತ್ತವೆಂಬ ಆಕ್ಷೇಪವೂ ವ್ಯಾಪಕವಾಗಿತ್ತು. ಇದರಲ್ಲಿ ಸತ್ಯವಿಲ್ಲದಿಲ್ಲ. ಕೆಮೆನಿ, ಕರ್ಟ್ಸ್‌ರು ಸ್ವತಃ ತಮ್ಮ ಭಾಷೆಯನ್ನು ತಿದ್ದುತ್ತಲೇ ಬಂದಿದ್ದರು. ಪುಟ್ಟ ಗಣಕಗಳಿಗಾಗಿ ಯಾರುಯಾರೋ ಮೊಟಕುಗೊಳಿಸಿದ ರೂಪಗಳನ್ನು ಕಂಡು ನೊಂದು, 1980ರ ದಶಕದಲ್ಲಿ ಟ್ರೂ ಬೇಸಿಕ್ ಎಂಬ ಪರಿಷ್ಕೃತ ರೂಪವನ್ನು ಹೊರತಂದರು. ಅಷ್ಟರಲ್ಲಿ ಲೋಕ ಬೇರೆ ಭಾಷೆಗಳ ಕಡೆಗೆ ತಿರುಗಿತ್ತು. ಇಷ್ಟಾದರೂ ಆ ಆಕ್ಷೇಪವನ್ನು ಪೂರ್ಣವಾಗಿ ಒಪ್ಪಲು ನನ್ನಿಂದ ಆಗದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಮುಂದಿಟ್ಟುಕೊಂಡು ಮಗುವಿಗೆ ಮಾತು ಕಲಿಸಿದವರಿಲ್ಲ. ತೊದಲುವವನ ನಾಲಗೆ ಮುಂದೆ ತಿದ್ದಿಕೊಂಡೀತು. ಬಾಯಿಯನ್ನೇ ತೆರೆಯದವನಿಗೆ ವ್ಯಾಕರಣದಿಂದ ಏನು ಪ್ರಯೋಜನ?

ನನ್ನನ್ನು ಕಾಡುವ ಪ್ರಶ್ನೆ ಬೇರೊಂದಿದೆ. ನನ್ನ ತರಗತಿಗೆ ಬರುವವರಲ್ಲಿ ಬಹುಪಾಲು ಮಕ್ಕಳು ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದವರು. ಅವರಿಗೆ ಛಂದಸ್ಸಿನಲ್ಲಿ ಪ್ರಸ್ತಾರ ಹಾಕುವುದನ್ನು ಕಲಿಸುತ್ತೇನೆ. ಅಕ್ಷರ ದೀರ್ಘವಾಗಿದ್ದರೆ ಗುರು. ಅನುಸ್ವಾರ ವಿಸರ್ಗಗಳು ಕೂಡಿದ್ದರೆ ಗುರು. ಮುಂದೆ ಒತ್ತಕ್ಷರವಿದ್ದರೆ ಗುರು. ಇವು ಯಾವುವೂ ಇಲ್ಲದಿದ್ದರೆ ಲಘು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಾತ್ರೆಗಳನ್ನು ಎಣಿಸಿ ಗಣ ವಿಂಗಡಿಸು. ಸಾಲು ಮುಗಿಯುವವರೆಗೆ ಮುಂದುವರಿಸು. ಇದು ಪ್ರೋಗ್ರಾಮ್ ಅಲ್ಲದೆ ಮತ್ತೇನು? ಷಟ್ಪದಿಗೆ ತಪ್ಪಿಲ್ಲದೆ ಪ್ರಸ್ತಾರ ಹಾಕುವ ಹುಡುಗಿಯರು ಗಣಕದ ಕೊಠಡಿಯ ಬಾಗಿಲಲ್ಲಿ, ಅದು ಇಂಗ್ಲಿಷ್ ಬಲ್ಲವರ ವಿದ್ಯೆ, ನಮ್ಮದಲ್ಲ ಎಂದು ಹಿಂಜರಿದು ನಿಲ್ಲುವುದನ್ನು ಕಂಡಿದ್ದೇನೆ. ಅವರಿಗೆ ಕೊರತೆಯಾಗಿರುವುದು ಬುದ್ಧಿಯಲ್ಲ, ತರ್ಕವಲ್ಲ. ಅವರು ನಿಂತಿರುವ ಮೆಟ್ಟಿಲಿಗೆ ಇಳಿದು ಬರುವ ಮೊದಲ ಪಾಠ. ಬೇಸಿಕ್ಕಿನ ಹದಿನಾಲ್ಕು ಪದಗಳು ಹ್ಯಾನೋವರಿನ ಹುಡುಗರಿಗೆ ಸುಲಭವಾದುವು, ಏಕೆಂದರೆ ಅವು ಅವರ ಮನೆಯ ಮಾತಿನವು. ನಮ್ಮ ಮಕ್ಕಳಿಗೆ ಅಷ್ಟೇ ಸುಲಭವಾಗುವಂತೆ ಗಣಕವಿದ್ಯೆಯ ಮೊದಲ ಪಾಠವನ್ನು ಕನ್ನಡದಲ್ಲಿ ಕಟ್ಟುವ ಹೊಣೆ ಕೆಮೆನಿಯವರದಲ್ಲ, ನಮ್ಮದು. ಆಜ್ಞೆಯ ಪದಗಳು ಇಂಗ್ಲಿಷಿನವಾಗಿಯೇ ಇರಲಿ. ಅವುಗಳ ಹಿಂದಿನ ಆಲೋಚನೆಯನ್ನು ಮಗ್ಗಿಯಿಂದ, ಪ್ರಸ್ತಾರದಿಂದ, ಪಂಕ್ತಿಯ ಊಟದಿಂದ ವಿವರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಕಲಿಯುವವನು ಗುರುವಿನ ಮೆಟ್ಟಿಲಿಗೆ ಒಮ್ಮೆಲೇ ಹಾರಲಾರ. ಗುರುವೇ ಮೊದಲು ಇಳಿಯಬೇಕು. ಕೆಮೆನಿಯವರ ಬಾಳಿನಿಂದ ನಾನು ಗ್ರಹಿಸಿದ ಸಾರ ಇಷ್ಟು.

ಅಧ್ಯಕ್ಷ ಪದವಿಯನ್ನು 1981ರಲ್ಲಿ ಬಿಟ್ಟುಕೊಟ್ಟ ಕೆಮೆನಿಯವರು ವಿಶ್ರಾಂತಿಯನ್ನು ಬಯಸದೆ ಅದೇ ಕಾಲೇಜಿನ ಗಣಿತದ ತರಗತಿಗೆ ಮರಳಿದರು. 1992ನೆಯ ಇಸವಿ ಡಿಸೆಂಬರ್ 26ರಂದು ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜೊತೆಗಾರ ಕರ್ಟ್ಸ್‌ರು ದೀರ್ಘಾಯುಷಿಗಳಾಗಿ ಬಾಳಿ 2024ರಲ್ಲಿ ನಿಧನರಾದರು. ಬೇಸಿಕ್ಕಿನ ಜಾಗದಲ್ಲಿ ಪೈಥಾನ್ ಮೊದಲಾದ ಭಾಷೆಗಳು ಇಂದು ಆರಂಭಿಕರ ಕೈಹಿಡಿಯುತ್ತಿವೆ. ಮುಂದೆ ಅವುಗಳ ಜಾಗಕ್ಕೂ ಬೇರೆಯವು ಬಂದಾವು. ಸ್ಲೇಟಿನ ಮೇಲೆ ಬರೆದ ಅಕ್ಷರ ಅಳಿದುಹೋಗುತ್ತದೆ. ಬರೆಯಲು ಕಲಿತ ಕೈ ಬರೆಯುತ್ತಲೇ ಇರುತ್ತದೆ.